ಮುದುಕಿಗೆ ಡೀಸೆಲ್

ವಿಮಾನದ ಇಂಜಿನ್ನಿಗೆ ಗಂಡ ಬಿಗಿದಿದ್ದ ಪ್ರತಿಯೊಂದು ನಟ್ಟಿಗೂ ಅವಳು ತಾನೇ ಸ್ಪ್ಯಾನರ್ ಹಾಕಿ ಇನ್ನೊಮ್ಮೆ ತಿರುಗಿಸಿ ನೋಡಿದಳು. ಅವನು ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಬೇರೆ ಯಾವ ಮೆಕ್ಯಾನಿಕ್ ಆಗಿದ್ದರೂ ಇಷ್ಟು ಹೊತ್ತಿಗೆ ಸಿಡಿದುಬೀಳುತ್ತಿದ್ದ. ಒಂದು ವರ್ಷದಿಂದ ಹೆಂಡತಿಯೆದುರು ಇವನ ಮಾತೇ ಸತ್ತುಹೋಗಿತ್ತು.

ಅವಳ ಅಪ್ಪ ತೀರಿಕೊಂಡದ್ದು ಇದೇ ವಿಮಾನದಲ್ಲಿ, ಇದೇ ಇಂಜಿನ್ನಿನ ಹಿಂದೆ ಕೂತು. ಆ ಇಂಜಿನ್ ಜೋಡಿಸಿದವನು ಈ ಗಂಡ. ಬೇರೆಯವರು ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಅವಳು ಬಾಯಿಬಿಟ್ಟೇ ಹೇಳಿದ್ದಳು. ಅಪ್ಪನನ್ನು ಮಣ್ಣು ಮಾಡಿ ಬಂದ ದಿನವೇ, "ಅಪ್ಪನ್ನ ಕೊಂದಿದ್ದು ನೀವು" ಎಂದು ಬಟ್ಟೆಬರೆ ಎತ್ತಿಕೊಂಡು ತವರಿನ ಖಾಲಿ ಕೋಣೆ ಸೇರಿದ್ದಳು. ಅವನಿಗೂ ಹಾಗೇ ಅನ್ನಿಸಿತ್ತು.

ವಿಮಾನಕ್ಕೆ ಅಪ್ಪ ಇಟ್ಟ ಹೆಸರು ಮುದುಕಿ. ರಸ್ತೆಯಿಲ್ಲದ ಕಾಡಿನ ಊರುಗಳಿಗೆ ಔಷಧಿ, ಟಪಾಲು ಹೊತ್ತುಕೊಂಡು ಹೋಗಿ, ಬರುವಾಗ ರೋಗಿಗಳನ್ನು ಕರೆತರುತ್ತಿತ್ತು. ಹೊಳೆಯ ಮರಳದಂಡೆಯಾದರೂ ಸರಿ, ಒಂದಿಷ್ಟು ಹುಲ್ಲುಜಾಗವಾದರೂ ಸರಿ, ಇಳಿದುಬಿಡುತ್ತಿತ್ತು. ಆದರೆ ಅದು ಕುಡಿಯುವ ಪೆಟ್ರೋಲ್ ಸಿಗುವುದೇ ದುರ್ಲಭವಾಗುತ್ತ ಬಂತು. ಅದರ ಮೇಲೆ ಗಾಳಿ, ಪೆಟ್ರೋಲ್ ಬೆರೆಯುವ ಗಂಟಲಲ್ಲಿ ಮಂಜುಗಟ್ಟುವ ಕಾಯಿಲೆ ಬೇರೆ. ಇಳಿಯುವ ಮುಂಚೆ ಒಂದು ನಾಬ್ ಎಳೆದು ಇಂಜಿನ್ನಿಗೆ ಬಿಸಿಗಾಳಿ ಕುಡಿಸಬೇಕು, ನೆಲ ಹತ್ತಿರವಾದಾಗ ಮತ್ತೆ ಒಳಗೆ ತಳ್ಳಬೇಕು. ಡೀಸೆಲ್ಲಿಗೆ ಆ ರಗಳೆಯಿಲ್ಲ, ಲಾರಿ ಓಡಾಡುವಲ್ಲೆಲ್ಲ ಸಿಗುತ್ತದೆ, ಇಂಜಿನ್ನನ್ನೇ ಬದಲಿಸೋಣ ಎಂದು ಅಳಿಯ ಹೇಳಿದಾಗ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ಈ ವಯಸ್ಸಲ್ಲಿ ನನ್ನ ಮುದುಕಿಗೆ ಮರುಮದುವೆ ಮಾಡಿಸ್ತಾನಂತೆ ನೋಡು."

ಆ ಕೆಲಸಕ್ಕೆ ಅವಳೂ ಕೈಹಾಕಿದ್ದಳು. ಅಪ್ಪನಿಗೆ ತನ್ನ ಮುದುಕಿ ಪರಕೀಯಳಾಗಿ ಕಾಣಬಾರದು ಎಂಬುದೊಂದೇ ಅವಳ ಹಟ. ಸವೆದುಹೋದ ಸೀಟನ್ನು ಬದಲಿಸಲು ಬಿಡಲಿಲ್ಲ. ಡೀಸೆಲ್ ನಿಲ್ಲಿಸುವ ನಾಬನ್ನು ಮೇಲೆ ಚಾವಣಿಯಲ್ಲಿ ಕೂರಿಸುತ್ತೇನೆಂದು ಗಂಡ ಡ್ರಿಲ್ ಎತ್ತಿಕೊಂಡಾಗಲೂ ತಡೆದಳು. ಮುದುಕಿಯ ಮೈಗೆ ಹೊಸ ತೂತು ಬೇಡ, ಡ್ಯಾಶ್‌ಬೋರ್ಡಿನಲ್ಲಿ ಹಳೆಯದೊಂದು ಖಾಲಿ ಬಿದ್ದಿದೆಯಲ್ಲ ಎಂದಳು. ಅವನು ಸ್ವಲ್ಪ ಹೊತ್ತು ಗೊಣಗಿದ, ಆಮೇಲೆ ಡ್ರಿಲ್ ಕೆಳಗಿಟ್ಟ. ಹೆಂಡತಿಯ ಮಾತನ್ನು ತೆಗೆದುಹಾಕಿ ಅವನಿಗೆ ಅಭ್ಯಾಸವಿರಲಿಲ್ಲ.

ಮೊದಲ ಪರೀಕ್ಷೆಗೆ ಅಪ್ಪ ಒಬ್ಬರೇ ಹೋದರು. ಪರೀಕ್ಷೆಯ ಹಾರಾಟವೆಂದರೆ ಪೈಲಟ್ ಮಾತ್ರ. ಪಕ್ಕದ ಸೀಟಿಗೆ ಮರಳಿನ ಚೀಲ. ಮುದುಕಿ ಹೂವೆತ್ತಿದಷ್ಟು ಹಗುರವಾಗಿ ಮೇಲೆದ್ದಿತು. ಇಳಿಯಲೆಂದು ತಿರುಗಿದಾಗ ಇಂಜಿನ್ ನಿಂತುಹೋಯಿತು. ರನ್‌ವೇ ಮುಟ್ಟುವಷ್ಟು ಎತ್ತರವಿರಲಿಲ್ಲ, ಮರಗಳ ಮೇಲೆ ಬಿತ್ತು.

ತನಿಖೆಯವರು ಬಂದು ಎಲ್ಲವನ್ನೂ ಬಿಚ್ಚಿ ಹರಡಿದರು. ಟ್ಯಾಂಕಿನಲ್ಲಿ ಡೀಸೆಲ್ ಬೇಕಾದಷ್ಟಿತ್ತು. ಕೊಳವೆಯಲ್ಲಿ ಕಸವಿರಲಿಲ್ಲ. ನಾಬುಗಳೆಲ್ಲ ಇರಬೇಕಾದ ಹಾಗೆ ಒಳಗೇ ಇದ್ದವು. ಮತ್ತೆ ಜೋಡಿಸಿ ಚಾಲೂ ಮಾಡಿದರೆ ಇಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಕಾರಣ ಗೊತ್ತಾಗಲಿಲ್ಲ ಎಂದು ಕೈತೊಳೆದುಕೊಂಡು ಹೋದರು.

ಅವಳಿಗೆ ಕಾರಣ ಬೇಕಿತ್ತು. ಮುರಿದ ರೆಕ್ಕೆ ಕಟ್ಟಿಸಿ ಮುದುಕಿಯನ್ನು ಮತ್ತೆ ಎಬ್ಬಿಸಿದ್ದೇ ಅದಕ್ಕೆ. ಅಪ್ಪ ಹಾರಿದಂತೆಯೇ ತಾನೂ ಹಾರುವುದು. ಇಂಜಿನ್ ಮತ್ತೆ ಕೈಕೊಟ್ಟರೆ ತಪ್ಪು ಗಂಡನದು. ಆಮೇಲೆ ಆ ಮನೆಯ ಹೊಸಿಲು ತುಳಿಯುವ ಮಾತಿಲ್ಲ. ಕೈಕೊಡದಿದ್ದರೆ? ಕ್ಷಮಿಸಬೇಕಾಗುತ್ತದೆ. ಅದಕ್ಕೆ ಅವಳ ಮನಸ್ಸು ಇನ್ನೂ ಸಿದ್ಧವಾಗಿರಲಿಲ್ಲ.

ಮೊದಲೇ ಇಂಜಿನ್ ಬಿಸಿ ಮಾಡಿಟ್ಟಿದ್ದ ಗಂಡ, ಅವಳು ಪೈಲಟ್ ಸೀಟಿನಲ್ಲಿ ಕೂತ ಮೇಲೆ ಕಿಟಕಿಯ ಹತ್ತಿರ ಬಂದ. "ಇಳಿಯೋವಾಗ ತುಂಬ ಎತ್ತರದಲ್ಲೇ ಬಾ. ಇದು ಒಂದ್ಸಲ ನಿಂತ್ರೆ ಗಾಳೀಲಿ ಮತ್ತೆ ಸ್ಟಾರ್ಟ್ ಆಗಲ್ಲ. ಎತ್ತರ ಇದ್ರೆ ತೇಲಿಕೊಂಡಾದ್ರೂ ಇಳೀಬಹುದು."

ಅವಳು ತಲೆಯಾಡಿಸಿದಳು.

"ತಪ್ಪು ನಂದು ಅಂತ ಗೊತ್ತಾದ್ರೆ ಮುಚ್ಚಿಡಬೇಡ. ಹೇಳಿಬಿಡು. ಹೀಗೆ ಗೊತ್ತಿಲ್ದೆ ಬದುಕೋಕೆ ಆಗ್ತಿಲ್ಲ."

ಅವನ ಕೆನ್ನೆಗಳು ಗುಳಿಬಿದ್ದಿದ್ದವು. ಅವಳ ಕರುಳು ಚುರುಕ್ಕೆಂದಿತು. ಹಾಗಾದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂದು ಕಿಟಕಿ ಮುಚ್ಚಿಕೊಂಡಳು.

ಮೇಲೇರುವಷ್ಟು ಹೊತ್ತೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮೀಟರುಗಳನ್ನು ಕಾದಳು. ಶಾಖ ಸರಿಯಿತ್ತು, ಒತ್ತಡ ಸರಿಯಿತ್ತು. ಇಂಜಿನ್ ಹೊಟ್ಟೆ ತುಂಬಿದ ಹಸುವಿನಂತೆ ನೆಮ್ಮದಿಯಾಗಿ ಗುನುಗುತ್ತಿತ್ತು. ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು, ವೇಗ ಹೆಚ್ಚಿಸಿದಳು, ಇಳಿಸಿದಳು. ಹುಡುಕಿದರೂ ಒಂದು ಕೊಂಕು ಸಿಗಲಿಲ್ಲ.

ಆಗ ಅಪ್ಪನ ನೆನಪು ಒತ್ತರಿಸಿಕೊಂಡು ಬಂತು. ಅವಳಿಗೆ ವಿಮಾನ ಕಲಿಸಿದವರು ಅವರೇ, ಇದೇ ಸೀಟಿನಲ್ಲಿ ಕೂರಿಸಿ. ಶೆಡ್ಡಿನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ, ಒಂದೊಂದು ನಾಬಿನ ಹೆಸರು ಕೂಗಿ ಮುಟ್ಟಿಸುತ್ತಿದ್ದರು. ತಪ್ಪಿದರೆ ತಲೆಗೊಂದು ಮೊಟಕು. ತಲೆಗೆ ಬಂದರೆ ಸಾಲದು, ಕೈಗೆ ಬರಬೇಕು ಎನ್ನುತ್ತಿದ್ದರು. ಅಂಥ ಅಪ್ಪ ಹೋದರು ಎಂಬುದನ್ನು ಅವಳು ಇವತ್ತಿಗೂ ಒಪ್ಪಿಕೊಂಡಿರಲಿಲ್ಲ.

ಇಳಿಯಲು ತಿರುಗಿದಳು. ಅಪ್ಪ ತಿರುಗಿದ್ದ ಜಾಗ. ಕೆಳಗೆ ತುದಿ ಮುರಿದ ಮರಗಳು ಕಂಡವು. ಕಣ್ಣು ತುಂಬಿ ಬಂತು, ಆದರೂ ಅವುಗಳಿಂದ ದೃಷ್ಟಿ ಕೀಳಲಾಗಲಿಲ್ಲ.

ಇಂಜಿನ್ ನಿಂತುಹೋಯಿತು.

ಪ್ರೊಪೆಲ್ಲರ್ ಅಲುಗಾಡದೆ ಅಡ್ಡ ನಿಂತಿತು. ಗಾಳಿಯ ಸದ್ದು ಮಾತ್ರ ಉಳಿಯಿತು. ಎತ್ತರ ಧಾರಾಳವಾಗಿತ್ತು, ರನ್‌ವೇ ಎದುರಿಗೇ ಇತ್ತು. ತೇಲಿಕೊಂಡು ಇಳಿಯುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಜೀವಭಯವಾಗಲಿಲ್ಲ. ವರ್ಷದಿಂದ ಹೊತ್ತಿದ್ದ ಸಂಕಟವೆಲ್ಲ ಕೋಪವಾಯಿತು. ಕಡೆಗೂ ಸಿಕ್ಕಿಬಿದ್ದ.

ರೇಡಿಯೋದಲ್ಲಿ ಗಂಡನ ದನಿ ಒಡೆದು ಕೇಳಿಸಿತು. "ನಿಂತೋಯ್ತಾ? ಹೇಳು, ನಂದೇನಾ ತಪ್ಪು?"

ಹೌದೆನ್ನಲು ಮೈಕ್ ಎತ್ತಿಕೊಳ್ಳಬೇಕಿತ್ತು, ಆದರೆ ಅವಳ ಬಲಗೈ ಬಿಡುವಾಗಿರಲಿಲ್ಲ: ಬಿಸಿಗಾಳಿಯ ಹಳೆಯ ತೂತಿನಲ್ಲಿ ಅವಳೇ ಹಟಮಾಡಿ ಕೂರಿಸಿದ್ದ, ಡೀಸೆಲ್ ನಿಲ್ಲಿಸುವ ನಾಬನ್ನು ಅದು ಅಪ್ಪ ಕಲಿಸಿದ ಹಾಗೆಯೇ ಪೂರ್ತಿ ಹೊರಗೆಳೆದು ಹಿಡಿದಿತ್ತು.