ಹೊಸ ನೀರಿಗೆ ಹತ್ತಿದ ಗೆಂಡೆ

ಹಸುವಿಗೆಂದು ನೆನೆಹಾಕಿದ ಕಡಲೆಕಾಯಿ ಹಿಂಡಿಯ ವಾಸನೆಗೆ ಇವತ್ತಿಗೂ ಸುವರ್ಣಾವತಿ ಹೊಳೆ ಕಣ್ಣಮುಂದೆ ಬರುತ್ತದೆ.

ಚಳಿಗಾಲವೆಲ್ಲ ಅವ್ವ ಆ ಹಿಂಡಿಯ ಉಂಡೆಯನ್ನು ಗಾಳಕ್ಕೆ ಚುಚ್ಚಿ ಗೆಂಡೆಮೀನು ಹಿಡಿಯುತ್ತಿದ್ದಳು. ಬೇಸಿಗೆಯಲ್ಲಿ ಹೊಳೆ ಬತ್ತಿ ಮೀನೆಲ್ಲ ಒಂದೇ ಮಡುವಿಗೆ ಸೇರಿದಾಗ ಮಾತ್ರ ಗಾಳ ಹಾಕದೆ ಹಿಂಡಿಯನ್ನು ಸುಮ್ಮನೆ ಎರಚಿ ಬರುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು.

ಮುಂಗಾರಿನ ಒಂದು ಮಧ್ಯಾಹ್ನ ಬೆಟ್ಟದ ಕಡೆಯಿಂದ ಕೆಂಪು ನೀರು ನೊರೆ, ತರಗೆಲೆಗಳನ್ನು ನೂಕಿಕೊಂಡು ಬಂದು ಮಡುವನ್ನು ಸೇರಿತು. ಅವ್ವ ಗಾಳ ತಂದಿದ್ದಳು.

"ಈಗ ಹಾಕವ್ವ," ಎಂದೆ, ಹೊಸ ನೀರು ನುಗ್ಗುವ ಕಡೆ ಕಾಲಿಳಿಸಿ ನಿಂತು.

ಅಷ್ಟರಲ್ಲಿ ನನ್ನ ತೋಳುದ್ದದ ಗೆಂಡೆಯೊಂದು ನೀರಿಗೆ ಎದುರಾಗಿ, ನನ್ನ ಕಣಕಾಲನ್ನು ಸವರಿಕೊಂಡು ಹತ್ತಿಹೋಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಎಲ್ಲದರ ಹೊಟ್ಟೆಯೂ ಉಬ್ಬಿತ್ತು.

"ಅಲ್ಲಾಡ್ಬ್ಯಾಡ ಕಣಮ್ಮಿ," ಅವ್ವ ಪಿಸುಗುಟ್ಟಿದಳು. "ಬಸುರಿ ಎಂಗಸ್ರು ಓಯ್ತಾವ್ರೆ."

ತಿರುಗಿ ನೋಡಿದೆ. ಅವ್ವ ಗಾಳವನ್ನು ಬೆನ್ನ ಹಿಂದೆ ಮರೆಮಾಡಿಕೊಂಡು, ತಲೆಯ ಮೇಲೆ ಸೆರಗೆಳೆದು, ದಾರಿ ಬಿಟ್ಟು ನಿಂತಿದ್ದಳು.