ಒಂದೇ ಒಂದು ಕುದುರೆ

“ಯಾರಾದ್ರೂ ಬಂದಿದ್ರಾ ಮೇಷ್ಟ್ರೇ?”

ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಕುದುರೆಯಮ್ಮನ ಫೋನ್. ಬೇರೆ ಅಂಗಡಿಯವರೆಲ್ಲ ವೆಬ್‌ಸೈಟಿಗೆ ಎಷ್ಟು ಜನ ಬಂದರು ಎಂದು ಕೇಳುತ್ತಾರೆ. ಈಕೆ ಮಾತ್ರ ಯಾರಾದರೂ ಬಂದರೇ ಎಂದು ಕೇಳುತ್ತಾರೆ. ಎಂಟು ತಿಂಗಳಿಂದ ಇದೇ ಪಾಠ.

“ಇಲ್ಲಮ್ಮ.”

“ಇರ್ಲಿ ಬಿಡಿ. ನಾಳೆ ಮತ್ತೆ ಫೋನ್ ಮಾಡ್ತೀನಿ.”

ಮೇಷ್ಟ್ರು ನಿಜಕ್ಕೂ ಮೇಷ್ಟ್ರೇ ಆಗಿದ್ದವರು. ಭಾಷೆ ಕಲಿಸುತ್ತಿದ್ದ ಶಾಲೆ ಮುಚ್ಚಿದ ಮೇಲೆ ಈ ಕಚೇರಿಗೆ ಬಂದು ಬಿದ್ದಿದ್ದರು. ಕೊಳ್ಳುವ ಜನ ಇಂಟರ್‌ನೆಟ್ಟಿನಲ್ಲಿ ಏನೆಂದು ಟೈಪ್ ಮಾಡಿ ಹುಡುಕುತ್ತಾರೆ ಎಂದು ಊಹಿಸಿ, ಅದೇ ಮಾತನ್ನು ಅಂಗಡಿಯ ಪುಟದಲ್ಲಿ ಬರೆದಿಡುವುದು ಅವರ ಕೆಲಸ. ‘ಚಪ್ಪಲಿ’ ಎಂದಷ್ಟೇ ಬರೆದರೆ ಲಕ್ಷ ಅಂಗಡಿಗಳ ನಡುವೆ ನಿಮ್ಮದನ್ನು ಮೂಸುವವರಿಲ್ಲ. ‘ಹಿಮ್ಮಡಿ ಒಡೆದವರಿಗೆ ಮೆತ್ತನೆಯ ಚಪ್ಪಲಿ’ ಎಂದು ಬರೆಯಿರಿ, ಹಿಮ್ಮಡಿ ಒಡೆದವರೆಲ್ಲ ಕುಂಟುತ್ತಾ ನಿಮ್ಮ ಬಾಗಿಲಿಗೇ ಬರುತ್ತಾರೆ. ಇಂಥ ಮಾತುಗಳನ್ನು ದಿನಕ್ಕೆ ನಲವತ್ತು ಹೊಸೆದು ಹೊಸೆದು, ಸಂಜೆಯ ಹೊತ್ತಿಗೆ ಮೇಷ್ಟ್ರ ತಲೆ ಹಿಂಡಿದ ಬಟ್ಟೆಯಂತಾಗುತ್ತಿತ್ತು.

ಕುದುರೆಯಮ್ಮ ಎಂಬುದು ಕಚೇರಿಯವರು ಬೆನ್ನ ಹಿಂದೆ ಇಟ್ಟ ಹೆಸರು. ಅವರ ಅಂಗಡಿಯಲ್ಲಿದ್ದುದು ಒಂದೇ ವಸ್ತು, ಚದುರಂಗದ ಒಂದು ಕುದುರೆ. ಪೂರ್ತಿ ಸೆಟ್ ಅಲ್ಲ, ಜೋಡಿಯೂ ಅಲ್ಲ. ಕರಿಮರದಲ್ಲಿ ಕೈಯಿಂದ ಕೆತ್ತಿದ್ದು, ಕಣ್ಣಿಗೆ ಕೆಂಪು ಮಣಿ. ಬೆಲೆ ಎರಡು ಲೋಟ ಚಹಾದಷ್ಟು.

ಮೊದಲ ಸಲ ಅವರು ಕಚೇರಿಗೆ ಬಂದಾಗ ಮೇಷ್ಟ್ರು ತಿಳಿಹೇಳಲು ನೋಡಿದ್ದರು. “ಶೋಕೇಸಿಗೆ ಗೊಂಬೆ ಅಂತ ಹಾಕೋಣಮ್ಮ. ಉಡುಗೊರೆ ಅಂತ ಹಾಕೋಣ. ಜನ ನೋಡ್ತಾರೆ.”

“ಬೇಡ. ‘ಕೆಂಪು ಮಣಿ ಕಣ್ಣಿನ ಕರಿಮರದ ಚದುರಂಗದ ಕುದುರೆ, ಒಂದೇ ಬೇಕು.’ ಇಷ್ಟೇ ಹಾಕಿ.”

“ಹೀಗಂತ ಯಾರಮ್ಮ ಹುಡುಕ್ತಾರೆ?”

“ಹುಡುಕೋರು ಹುಡುಕ್ತಾರೆ.”

ಯಾರದು ಈ ಕುದುರೆ ಎಂದು ಕೇಳಿದ್ದಕ್ಕೆ, “ನಮ್ಮೆಜಮಾನ್ರೇ ಕೆತ್ತಿದ್ದು. ಅವರು ಈಗಿಲ್ಲ,” ಎಂದಿದ್ದರು. ದುಃಖ ಒಬ್ಬೊಬ್ಬರನ್ನು ಒಂದೊಂದು ರೀತಿ ಆಡಿಸುತ್ತದೆ ಎಂದುಕೊಂಡು ಮೇಷ್ಟ್ರು ಅವರು ಹೇಳಿದ್ದನ್ನೇ ಪುಟದಲ್ಲಿ ಹಾಕಿದರು. ಯಾವ ಕುದುರೆಯಾದರೂ ಸರಿ, ನಾಲ್ಕು ಕೊಡಿ ಎಂದು ಒಂದು ಕ್ಲಬ್ಬಿನವರು ಬರೆದಾಗ, “ಇದು ಅವರಿಗಲ್ಲ,” ಎಂದು ಕುದುರೆಯಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಕೊಳ್ಳುವವರು ಮನೆ ವಿಳಾಸ ಕೊಡಲೇಬೇಕು. ಪಾರ್ಸೆಲ್ ಇಲ್ಲ, ತಾವೇ ಹೋಗಿ ಕೈಯಾರೆ ಕೊಡುತ್ತಾರಂತೆ. ಹೀಗೆ ವ್ಯಾಪಾರ ಮಾಡಿದರೆ ಆದಂತೆಯೇ!

ಸೋಮವಾರ ಮ್ಯಾನೇಜರ್ ಬಂದು ಮೇಷ್ಟ್ರ ಮೇಜಿನ ಮುಂದೆ ನಿಂತ.

“ಎಂಟು ತಿಂಗಳಿಗೆ ಒಂದು ಆರ್ಡರಿಲ್ಲ. ಈ ಗಿರಾಕೀನ ಇಟ್ಕೊಂಡು ಉಪ್ಪು ಹಾಕ್ಕೊಂಡು ನೆಕ್ಲಾ? ಶುಕ್ರವಾರದೊಳಗೆ ಒಂದು ಬರ್ಬೇಕು ಮೇಷ್ಟ್ರೇ. ಇಲ್ದಿದ್ರೆ ಆ ಪುಟಾನೂ ತೆಗೀತೀನಿ, ನಿಮ್ಮ ಕುರ್ಚೀನೂ ತೆಗೀತೀನಿ.”

ಐವತ್ತನಾಲ್ಕರ ವಯಸ್ಸಿನಲ್ಲಿ ಇನ್ನೊಂದು ಕುರ್ಚಿ ಹುಡುಕುವ ತ್ರಾಣ ಮೇಷ್ಟ್ರಿಗಿರಲಿಲ್ಲ. ಹೆಂಡತಿಗೆ ಹೇಳುವ ಧೈರ್ಯವಂತೂ ಮೊದಲೇ ಇರಲಿಲ್ಲ. ಶಾಲೆ ಮುಚ್ಚಿದ ಸುದ್ದಿಯನ್ನೇ ಒಂದು ವಾರ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದವರು ಅವರು.

ಗುರುವಾರ ಮಧ್ಯಾಹ್ನ ಊಟ ಬಿಟ್ಟು, ಸ್ವಂತ ಫೋನಿನಲ್ಲಿ ಆ ಉದ್ದನೆಯ ಮಾತನ್ನು ಒಂದಕ್ಷರ ಬಿಡದೆ ಟೈಪ್ ಮಾಡಿದರು. ಪುಟ ತೆರೆಯಿತು. ‘ಕೊಳ್ಳಿ’ ಒತ್ತಿದರು. ಹೆಸರು, ಎಂದೋ ತೀರಿಹೋದ ಮಾವನದು. ವಿಳಾಸ ತಮ್ಮದೇ ಮನೆಯದು. ಕುದುರೆಯಮ್ಮ ಬಂದರೆ ಹೆಂಡತಿ ಇಸಿದುಕೊಳ್ಳುತ್ತಾಳೆ, ತಾವು ಆ ಹೊತ್ತಿಗೆ ಕಚೇರಿಯಲ್ಲಿರುತ್ತೇವೆ ಎಂದು ಲೆಕ್ಕ ಹಾಕಿದರು.

ಕೊನೆಯಲ್ಲಿ ‘ಮಾರುವವರಿಗೆ ಎರಡು ಮಾತು’ ಎಂಬ ಖಾಲಿ ಜಾಗ. ಬಿಟ್ಟರೂ ನಡೆಯುತ್ತಿತ್ತು. ಆದರೆ ಮೇಷ್ಟ್ರು ಅರೆಬರೆ ಕೆಲಸ ಮಾಡಿದವರಲ್ಲ. ನಿಜವಾದ ಗಿರಾಕಿಯಾಗಿದ್ದರೆ ಏನು ಬರೆಯುತ್ತಿದ್ದ ಎಂದು ಯೋಚಿಸಿ ಬರೆದರು: ‘ನನ್ನ ಹತ್ತಿರ ಇರುವ ಸೆಟ್ಟಿನಲ್ಲಿ ಇದೊಂದೇ ಕಾಯಿ ಇಲ್ಲ. ಬಹಳ ದಿನದಿಂದ ಹುಡುಕುತ್ತಿದ್ದೆ.’

ಐದು ನಿಮಿಷಕ್ಕೆಲ್ಲ ಫೋನ್ ಬಂತು.

“ಬಂದ ಮೇಷ್ಟ್ರೇ, ಬಂದ!” ಕುದುರೆಯಮ್ಮನ ದನಿ ನಡುಗುತ್ತಿತ್ತು. “ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ.”

ಅವರು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಮೋಸ ಮಾಡಿದೆನಲ್ಲ ಎಂದು ಮೇಷ್ಟ್ರಿಗೆ ನಾಚಿಕೆಯಾಯಿತು. ಒಂದು ನೊಂದ ಜೀವಕ್ಕೆ ನೆಮ್ಮದಿ ಸಿಕ್ಕಿತಲ್ಲ ಎಂದು ಸಂತೋಷವೂ ಆಯಿತು. ಎಷ್ಟೋ ದಿನಗಳ ಮೇಲೆ ಅವರಿಗೆ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಬೆಳಿಗ್ಗೆ ಏಳಕ್ಕೆ ಯಾರೋ ಬಾಗಿಲು ಬಡಿದರು. ಮೇಷ್ಟ್ರು ಹಲ್ಲುಜ್ಜುತ್ತಿದ್ದರು.

“ರೀ, ಇಲ್ಲಿ ಬನ್ನಿ,” ಹೆಂಡತಿಯ ದನಿಯಲ್ಲಿ ಗಾಬರಿಯಿತ್ತು. “ನಮ್ಮಪ್ಪನ್ನ ಕೇಳ್ಕೊಂಡು ಯಾರೋ ಬಂದಿದ್ದಾರೆ!”

ಹೊಸ್ತಿಲಾಚೆ ಕುದುರೆಯಮ್ಮ ನಿಂತಿದ್ದರು. ಮೇಷ್ಟ್ರನ್ನು ನೋಡಿದ್ದೇ ಅವರ ಮುಖ ಸುಣ್ಣದಂತೆ ಬಿಳುಚಿಕೊಂಡಿತು.

“ನೀವಾ?” ಎಂದರು. “ದಿನಾ ನಿಮ್ಮನ್ನೇ ಕೇಳ್ತಿದ್ನಲ್ಲ ಮೇಷ್ಟ್ರೇ!”

ಇನ್ನು ಮುಚ್ಚಿಟ್ಟು ಫಲವಿಲ್ಲ. ಮೇಷ್ಟ್ರು ತಲೆ ತಗ್ಗಿಸಿ ಕೈ ಮುಗಿದರು. “ಕ್ಷಮಿಸಿಮ್ಮ. ಎಲ್ಲಾ ನಾನೇ ಮಾಡಿದ್ದು.”

ಕುದುರೆಯಮ್ಮನ ಹಿಂದಿನಿಂದ ಇಬ್ಬರು ಪೊಲೀಸರು ಮುಂದೆ ಬಂದರು. ಒಬ್ಬನ ಕೈಯಲ್ಲಿ ಮೊಹರು ಹಾಕಿದ ಪ್ಲಾಸ್ಟಿಕ್ ಚೀಲವಿತ್ತು, ಅದರೊಳಗೆ ಆ ಕುದುರೆ.

“ಇವರ ಯಜಮಾನ್ರ ಹೆಣ ಸಿಕ್ಕಾಗ ಇದೊಂದು ಅವರ ಮುಷ್ಟೀಲಿತ್ತು,” ಎಂದ ಅವನು. “ಉಳಿದ ಮೂವತ್ತೊಂದು ಕಾಯಿ ಎಲ್ಲಿಟ್ಟಿದ್ದೀಯ, ಹೇಳು.”