ಕಂಬಳಿಯಂಥ ಸ್ಲೈಡ್

ಮೇಣದ ಎಳೆ ಮೂರನೇ ಸಲವೂ ಹರಿಯಿತು. ಲ್ಯಾಬಿನ ಟೆಕ್ನಿಷಿಯನ್ ಅಕ್ಕ ಬ್ಲೇಡು ಬದಲಿಸಿ, ಉಸಿರು ಬಿಗಿಹಿಡಿದು ಮತ್ತೆ ಕತ್ತರಿಸುವ ಯಂತ್ರದ ಚಕ್ರ ತಿರುಗಿಸಿದಳು. ಮೇಣದ ಅಚ್ಚಿನೊಳಗೆ ಅಕ್ಕಿಕಾಳಿನಷ್ಟು ಅನ್ನನಾಳದ ತುಣುಕು. ಮೇಲೆ ಹೆಸರಿಲ್ಲ, ಬರೀ ನಂಬರು. ಆ ನಂಬರು ಬರೆದವಳೂ ಅವಳೇ, ಹೋದ ವಾರ ಬಾಯಿ ತೆರೆದು ಮಲಗಿ ಆ ತುಣುಕು ಕೊಟ್ಟವಳೂ ಅವಳೇ. ತಮ್ಮದೋ ತಮ್ಮವರದೋ ತುಣುಕನ್ನು ತಾವು ಕತ್ತರಿಸಬಾರದು ಎಂಬುದು ಅಲ್ಲಿಯ ಕಟ್ಟುಪಾಡು. ಹೊಸಬರಿಗೆ ಅದನ್ನು ಗದರಿ ಹೇಳಿಕೊಡುತ್ತಿದ್ದವಳೂ ಅವಳೇ.

ಮರುದಿನ ಡಾಕ್ಟರಮ್ಮ ಮೈಕ್ರೋಸ್ಕೋಪಿನಿಂದ ತಲೆಯೆತ್ತಿ ಕೂಗಿದಳು. “ಯಾರಕ್ಕಾ ಇದನ್ನ ಕತ್ತರಿಸಿದ್ದು? ಇಷ್ಟು ದಪ್ಪ! ಸ್ಲೈಡೋ ಕಂಬಳಿಯೋ?”

ಬ್ಲೇಡು ಹಿಡಿಯಲು ಅಕ್ಕನಿಂದಲೇ ಕಲಿತ ಹುಡುಗಿ ಈ ಡಾಕ್ಟರಮ್ಮ. ಅಕ್ಕ ಬಾಗಿಲಲ್ಲೇ ನಿಂತು ತನ್ನ ಗಂಟಲು ಮುಟ್ಟಿಕೊಂಡಳು. ಇಪ್ಪತ್ತೆರಡು ವರ್ಷದಲ್ಲಿ ಅವಳ ಕೈ ತಪ್ಪಿದ್ದು ಅದೊಂದೇ ಸಲ. ಡಾಕ್ಟರಮ್ಮನ ದನಿ ಇಳಿಯಿತು. “ಈ ತುಣುಕು ನಿಮ್ಮದಾ?”

“ಹೂಂ. ಬಯ್ಯೋದು ಆಮೇಲೆ ಬಯ್ಯಿ. ಏನಿದೆ ಹೇಳು ಮೊದಲು.”

“ಬನ್ನಿ, ನೀವೇ ನೋಡಿ.”

ಅಕ್ಕ ಕಣ್ಣಿಟ್ಟಳು. ಎಲ್ಲೆಲ್ಲೂ ಕಂದು ಮಚ್ಚೆ. ಕೆಟ್ಟ ಸೆಲ್ಲನ್ನು ಕಂದಾಗಿಸಿ ತೋರಿಸುವ ಆ ಬಣ್ಣವನ್ನು ಅವಳು ಕ್ಯಾನ್ಸರ್ ಗಡ್ಡೆಗಳಿಗೆ ಮಾತ್ರ ಹಾಕಿ ಬಲ್ಲಳು. “ಅಯ್ಯೋ, ಪೂರ್ತಿ ಕೆಟ್ಟುಹೋಗಿದೆಯಲ್ಲೇ!”

“ಕೆಟ್ಟಿಲ್ಲ, ಬದಲಾಗಿದೆ. ಈ ವಯಸ್ಸಿಗೆ ಎಲ್ಲರ ಒಳಗೂ ಹೀಗೇನೇ. ಒಂದೊಂದು ಸೆಲ್ಲು ಒಂದೊಂದು ಥರ ಬದಲಾಗಿ, ಪಕ್ಕದವರನ್ನ ನೂಕಿ ಜಾಗ ಹಿಡಿಯುತ್ತೆ, ಬಸ್ಸಲ್ಲಿ ಸೀಟು ಹಿಡಿಯೋ ಹಾಗೆ. ಹೆಚ್ಚಿನವು ಸುಮ್ಮನೆ ಕೂತಿರ್ತವೆ. ಸ್ವಲ್ಪ ಎಡಕ್ಕೆ ಸರಿಸಿ. ಹಿಂಡಿಹೋದ ಪುಟ್ಟ ಗುಂಪು ಕಾಣ್ತಾ?”

“ಹೂಂ.”

“ಅದು ಕ್ಯಾನ್ಸರ್ ಆಗೋಕೆ ಹೊರಟಿತ್ತು ಅನ್ಸುತ್ತೆ. ಸುತ್ತಲಿನ ಕಂದು ಬಣ್ಣದವರು ಬಿಟ್ಟಿಲ್ಲ. ಒತ್ತಿ ಒತ್ತಿ ಮೇಲಕ್ಕೆ ತಳ್ಳಿದ್ದಾರೆ. ನಾವು ತೆಗೆಯದಿದ್ರೂ ಅದಾಗೇ ಉದುರಿಹೋಗ್ತಿತ್ತೇನೋ.”

ಅಕ್ಕ ತಲೆಯೆತ್ತಲಿಲ್ಲ. ತಾನು ಉಣ್ಣುವಾಗ, ಮಲಗಿದಾಗ, ಯಾರ ಮೇಲೋ ಸಿಡುಕುವಾಗ, ಒಳಗೆ ಯಾರೋ ಹೇಳದೆ ಕೇಳದೆ ತನ್ನ ಪರವಾಗಿ ಜಗಳಕ್ಕೆ ನಿಂತಿದ್ದರು. ಕಣ್ಣಿನ ಹನಿಗೆ ಮಸೂರ ಮಂಜಾಯಿತು. ಸೆರಗಿನಿಂದ ಒರೆಸಿ ಮತ್ತೆ ಬಗ್ಗಿದಳು. “ಪುಣ್ಯಾತ್ಮರು,” ಎಂದಳು.

“ವರ್ಷಕ್ಕೊಮ್ಮೆ ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿದರೆ ಸಾಕು,” ಎಂದಳು ಡಾಕ್ಟರಮ್ಮ. ಆಮೇಲೆ, ತುಸು ಮೆಲ್ಲಗೆ: “ಹೆದರಿಕೆ ಅನ್ಸಿದ್ರೆ ಆ ಕಂದು ಜಾಗವನ್ನೆಲ್ಲ ಸುಟ್ಟು ತೆಗೆಸಿಬಿಡಬಹುದು ಅಕ್ಕ. ನಾನೇ ಹೇಳಿ ಮಾಡಿಸ್ತೀನಿ. ಹೂಂ ಅನ್ನಿ.”

“ಬೇಡ.” ಅಕ್ಕ ಮಸೂರದಿಂದ ಕಣ್ಣು ತೆಗೆಯಲಿಲ್ಲ. “ವರ್ಷ ವರ್ಷ ಬಾಯಿ ತೆಗೀತೀನಿ. ಇವರ ತಂಟೆಗೆ ಮಾತ್ರ ಬರಬೇಡ.”